ಕಥೆ ಹಬ್ಬಕ್ಕೆ ಮೈಕ್ ಬೇಡ, ಅವ್ವಂದಿರನ್ನ ಕರೀರಿ

ಶಾಲೆಗಳಲ್ಲಿ ಓದಿನ ಹಬ್ಬ, ಕಥೆ ಹಬ್ಬ ಅಂತ ಮಾಡೋದು ಈಗೀಗ ಜಾಸ್ತಿಯಾಗಿದೆ. ಒಳ್ಳೇದೇ. ಏಪ್ರಿಲ್ 23ರ ಪುಸ್ತಕ ದಿನ ನಮ್ಮ ಮಕ್ಕಳಿಗೆ ಬೇಸಿಗೆ ರಜೆಯಲ್ಲೇ ಕಳೆದುಹೋಗುತ್ತೆ. ಉಳಿಯೋದು ಜೂನ್ 19ರ ವಾಚನ ದಿನ, ಇಲ್ಲಾ ನವೆಂಬರ್ 14ರಿಂದ 20ರ ಗ್ರಂಥಾಲಯ ಸಪ್ತಾಹ. ದಿನದ ಬಗ್ಗೆ ನಂದೇನೂ ತಕರಾರಿಲ್ಲ, ಮಾಡೋ ರೀತಿ ಬಗ್ಗೆ ಇದೆ. ಶಾಮಿಯಾನ, ಫ್ಲೆಕ್ಸು, ವೇದಿಕೆ ಮೇಲಿನವರಿಗೆಲ್ಲ ಹಾರ, ಆಮೇಲೆ ಓದಿನ ಮಹತ್ವದ ಬಗ್ಗೆ ಒಬ್ಬರಾದ ಮೇಲೊಬ್ಬರ ಭಾಷಣ. ನೆಲದ ಮೇಲೆ ಕೂತ ಮಕ್ಕಳು ಮುಂದಿನವರ ಜಡೆ ಎಳೀತಾ ಇರ್ತವೆ. ಇಡೀ ಕಾರ್ಯಕ್ರಮದಲ್ಲಿ ಒಂದು ಮಗೂ ಒಂದು ಪುಟ ಓದಿರಲ್ಲ.

ಕಥೆ ಹೇಳೋ ಸ್ಪರ್ಧೆ ಇನ್ನೊಂದು. ಪ್ರತಿಭಾ ಕಾರಂಜಿಗೆ ಅಂತ ಮಕ್ಕಳಿಗೆ ಕಥೆ ಬಾಯಿಪಾಠ ಮಾಡಿಸ್ತಾರೆ. ಇಲ್ಲಿ ಕೈ ಎತ್ತು, ಇಲ್ಲಿ ಕಣ್ಣರಳಿಸು, ಇಲ್ಲಿ ನೀತಿ ಹೇಳು. ಗೆದ್ದ ಮಗು ಹೋಬಳಿಗೆ, ತಾಲ್ಲೂಕಿಗೆ ಹೋಗುತ್ತೆ, ಖುಷಿಯೇ. ಮಿಕ್ಕವರು ಮಾತ್ರ ತಮಗೆ ಕಥೆ ಬರಲ್ಲ ಅಂದ್ಕೊಂಡು ಮನೆಗೆ ಹೋಗ್ತಾರೆ.

ಬರದೇ ಏನು! ನಾನು ಮುಳಬಾಗಿಲು ತಾಲ್ಲೂಕಿನವನು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು, ಶಾಲೇಲಿ ಕನ್ನಡ, ಸಂತೇಲಿ ಎರಡೂ. ಸಾಬರ ಮನೆಗಳಲ್ಲಿ ದಖನಿ. ಕೆಜಿಎಫ್ ಕಡೆ ಹೋದ್ರೆ ತಮಿಳು. ಮಗುವಿಗೆ ಗೊತ್ತಿರೋ ಕಥೆಗಳೆಲ್ಲ ಅವ್ವ ಹೇಳಿದ್ದು, ಅವ್ವ ಹೇಳಿದ್ದು ತೆಲುಗಲ್ಲಿ. ವೇದಿಕೆ ಮೇಲೆ ನಿಲ್ಲಿಸಿ ಅಚ್ಚಗನ್ನಡದಲ್ಲಿ ಹೇಳು ಅಂದ್ರೆ ಅದು ಬಾಯಿ ಬಿಡೋದಾದ್ರೂ ಹೇಗೆ?

ನನ್ನ ಮಗಳ ಶಾಲೇಲಿ ಹೋದ ವರ್ಷ ಒಂದು ಒಳ್ಳೇ ಕೆಲಸ ಆಯ್ತು. ಅಲ್ಲಿನ ಮಿಸ್ ಒಬ್ಬರು ಅತಿಥಿ ಅಂತ ಯಾರನ್ನೂ ಕರೀಲಿಲ್ಲ. ಬಿಸಿಯೂಟ ಮಾಡೋ ಅವ್ವನ್ನೇ, ಪಾತ್ರೆ ತೊಳೆದಾದ ಮೇಲೆ, ಜಗಲಿ ಮೇಲೆ ಕೂರಿಸಿದ್ರು. 'ಅಯ್ಯೋ ನಂಗೇನ್ ಬತ್ತದೆ ಬುಡಿ ಮಿಸ್' ಅಂತ ಒಂದಷ್ಟು ಹೊತ್ತು ನಾಚಿಕೊಂಡು, ಸೆರಗಲ್ಲಿ ಕೈ ಒರೆಸಿಕೊಂಡು ಶುರು ಮಾಡಿದ್ರು: 'ಅನಗನಗಾ ಒಕ ರಾಜು…' ಒಂದಾನೊಂದು ಕಾಲದಲ್ಲಿ ಒಬ್ಬ ರಾಜ.

ಏಳು ಮೀನಿನ ಕಥೆ. ರಾಜನಿಗೆ ಏಳು ಜನ ಗಂಡುಮಕ್ಕಳು, ಬೇಟೆಗೆ ಹೋಗಿ ಏಳು ಮೀನು ತರ್ತಾರೆ, ಒಣಗಿಸ್ತಾರೆ, ಒಂದು ಒಣಗಲ್ಲ. ಮೀನೇ ಮೀನೇ ಯಾಕೆ ಒಣಗಲಿಲ್ಲ ಅಂದ್ರೆ ಹುಲ್ಲು ಅಡ್ಡ ಬಂತು ಅನ್ನುತ್ತೆ. ಹುಲ್ಲನ್ನ ಕೇಳಿದ್ರೆ ಹಸು ಮೇಯಲಿಲ್ಲ. ಹಸುವನ್ನ ಕೇಳಿದ್ರೆ ದನ ಕಾಯೋ ಹುಡುಗ ಮೇಯಿಸಲಿಲ್ಲ. ಹುಡುಗನ್ನ ಕೇಳಿದ್ರೆ ಅವ್ವ ಅನ್ನ ಇಕ್ಕಲಿಲ್ಲ. ಇಲ್ಲಿಗೆ ಬರೋ ಹೊತ್ತಿಗೆ ಮಕ್ಕಳು ನಕ್ಕು ನಕ್ಕು ಬಿದ್ರು, ಯಾಕಂದ್ರೆ ಅನ್ನ ಇಕ್ಕೋ ಅವ್ವ ಎದುರಿಗೇ ಕೂತಿದ್ದಾರೆ! ಅವ್ವನ್ನ ಕೇಳಿದ್ರೆ ಮಗು ಅತ್ತಿತು, ಮಗುವನ್ನ ಕೇಳಿದ್ರೆ ಇರುವೆ ಕಚ್ಚಿತು. ಇರುವೆಯ ಜವಾಬನ್ನ ಅವ್ವ ಹೇಳೋಕೆ ಮುಂಚೆ ಇಡೀ ಜಗಲಿ ಕೂಗಿತು: 'ನಾ ಬಂಗಾರು ಪುಟ್ಟಲೋ ವೇಲು ಪೆಡಿತೇ ಕುಟ್ಟನಾ?' ನನ್ನ ಚಿನ್ನದ ಹುತ್ತದಲ್ಲಿ ಬೆರಳಿಟ್ರೆ ಕಚ್ಚದೇ ಇರ್ತೀನಾ?

ಮಾರನೇ ದಿನ ಮಿಸ್ ಅದೇ ಕಥೇನ ಕನ್ನಡದಲ್ಲಿ ಚಾರ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಹಾಕಿದ್ರು. ಒತ್ತಕ್ಷರ ಬಂದ ಕಡೆಯೆಲ್ಲ ನಿಂತುಬಿಡೋ ಮಕ್ಕಳೂ ಓದಿದ್ರು. ಮುಂದಿನ ಸಾಲು ಏನು ಅಂತ ಮೊದಲೇ ಗೊತ್ತು, ಒಂದೇ ಥರದ ವಾಕ್ಯ ಮತ್ತೆ ಮತ್ತೆ ಬರುತ್ತೆ, ಬದಲಾಗೋದು ಒಂದೋ ಎರಡೋ ಪದ. ಓದಲು ಕಲಿಯೋ ಮಗುವಿಗೆ ಇದಕ್ಕಿಂತ ಒಳ್ಳೇ ಪಾಠ ಯಾವ ಪಠ್ಯಪುಸ್ತಕದಲ್ಲಿದೆ ಹೇಳಿ. ಆಮೇಲೆ ಮನೆಮನೆಯಿಂದ ಒಂದೊಂದು ಕಥೆ ತರಬೇಕು ಅಂತಾಯ್ತು. ಯಾವ ಭಾಷೇಲಾದ್ರೂ ಕೇಳ್ಕೊಂಡು ಬಾ, ಯಾವ ಭಾಷೇಲಾದ್ರೂ ಹೇಳು, ಬರೆಯೋವಾಗ ಕನ್ನಡದಲ್ಲಿ ಬರಿ. ಚಿತ್ರ ಬಿಡಿಸಿ, ದಾರದಲ್ಲಿ ಹೊಲಿದು ಪುಸ್ತಕ ಮಾಡಿದ್ರು. (ಅಪ್ಪಂದಿರ ಕಥೆಗಳು ಮಾತ್ರ ಎಲ್ಲಾ ದೆವ್ವದ್ದೇ. ರಾತ್ರಿ ಟೊಮ್ಯಾಟೊ ಲೋಡು ಮಂಡಿಗೆ ಹೊಡ್ಕೊಂಡು ಹೋಗುವಾಗ ರಸ್ತೇಲಿ ಬಿಳಿ ಸೀರೆ.) ಅಂಗಡಿಯಿಂದ ತಂದ ಪುಸ್ತಕಕ್ಕಿಂತ ಇವಕ್ಕೇ ಕಿತ್ತಾಟ ಜಾಸ್ತಿ.

ಇದನ್ನ ಹೇಳಿದಾಗ ಗೆಳೆಯರೊಬ್ಬರು ಗರಂ ಆದ್ರು. ಗಡಿಭಾಗದಲ್ಲಿ ಕನ್ನಡ ಉಳಿಸೋದೇ ಕಷ್ಟ, ಶಾಲೆಯೊಳಕ್ಕೂ ತೆಲುಗು ಬಿಟ್ಕೊಂಡ್ರೆ ಗತಿಯೇನು ಅಂತ. ಅವರ ಕಾಳಜಿ ಸುಳ್ಳಲ್ಲ. ಆದ್ರೆ ನಮ್ಮ ಜಿಲ್ಲೆಯ ಮಾಸ್ತಿಯವರನ್ನೇ ನೋಡಿ. ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದವರು, ಮನೆಮಾತು ತಮಿಳು. ಕನ್ನಡ ಸಣ್ಣಕಥೆಯ ಜನಕ ಅಂತ ಕರೆಸಿಕೊಂಡ್ರು, 1983ರ ಜ್ಞಾನಪೀಠ ತಂದ್ರು. ಅವರ ಎಷ್ಟೋ ಕಥೆಗಳ ಧಾಟಿಯೇ ಹಾಗೆ, ಯಾರೋ ಹೇಳಿದ್ರು, ನಾನು ಕೇಳಿದೆ, ನಿಮಗೆ ಹೇಳ್ತಿದ್ದೀನಿ ಅನ್ನೋ ಥರ. ಕೈವಾರದ ತಾತಯ್ಯನವರೂ ತೆಲುಗು, ಕನ್ನಡ ಎರಡರಲ್ಲೂ ಹಾಡಿದವರೇ. ಮನೆಮಾತಿನ ಕಥೆ ಕೇಳಿ ಬೆಳೆದ ಮಗು ಕನ್ನಡಕ್ಕೆ ಬರುವಾಗ ಬರಿಗೈಲಿ ಬರಲ್ಲ.

ಇನ್ನು ಬೀರುವಿನ ವಿಷಯ. ಪ್ರತಿ ಶಾಲೇಲೂ ಪುಸ್ತಕ ಇವೆ, ಬೀರುವಿನೊಳಗಿವೆ, ಬೀಗದ ಕೈ ಹೆಡ್ ಮೇಷ್ಟ್ರ ಹತ್ರ ಇದೆ. ಅವರನ್ನ ಬೈದು ಪ್ರಯೋಜನವಿಲ್ಲ. ಪುಸ್ತಕ ಕಳೆದ್ರೆ ಸ್ಟಾಕ್ ರಿಜಿಸ್ಟರಿಗೆ ಉತ್ತರ ಕೊಡೋರು ಅವರು. ಎಸ್.ಆರ್. ರಂಗನಾಥನ್ 1931ರಲ್ಲೇ ಗ್ರಂಥಾಲಯಕ್ಕೆ ಐದು ಸೂತ್ರ ಬರೆದ್ರು, ಮೊದಲನೇದೇ 'ಪುಸ್ತಕ ಇರೋದು ಬಳಸೋಕೆ'. ಬಳಸಿದ ಪುಸ್ತಕ ಹರಿಯುತ್ತೆ, ಕೆಲವು ಕಳೆಯುತ್ತೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೇಲಿ ನಾವೇ ಪೋಷಕರು, ಇಷ್ಟು ಪುಸ್ತಕ ಹೋದ್ರೂ ಹೋಗ್ಲಿ ಅಂತ ನಿರ್ಣಯ ಬರೆಸಿದ್ರೆ ಮೇಷ್ಟ್ರಿಗೂ ಧೈರ್ಯ. ಊರಿನ ಪಂಚಾಯಿತಿ ಗ್ರಂಥಾಲಯಾನೂ ಮರೀಬೇಡಿ. 2020ರಲ್ಲಿ 'ಓದುವ ಬೆಳಕು' ಅನ್ನೋ ಸರ್ಕಾರದ ಕಾರ್ಯಕ್ರಮ ಶುರುವಾದ ಮೇಲೆ ಅಲ್ಲಿ ಮಕ್ಕಳಿಗೆ ಸದಸ್ಯತ್ವಕ್ಕೆ ದುಡ್ಡು ಕೊಡಬೇಕಿಲ್ಲ.

ಈ ನವೆಂಬರ್ ಸಪ್ತಾಹಕ್ಕೆ ನಮ್ಮ ತಾಲ್ಲೂಕಿನ ಮೇಷ್ಟ್ರು, ಮಿಸ್‌ಗಳು ಯಾರಾದ್ರೂ ಇಂಥದ್ದು ಮಾಡ್ತೀವಿ ಅಂದ್ರೆ ಹೇಳಿ. ಡ್ರಾಯಿಂಗ್ ಶೀಟು, ದಾರ, ಸ್ಕೆಚ್ ಪೆನ್ನಿನ ಖರ್ಚು ನಂದು. ಸಂತೆ ದಿನ ಮಾತ್ರ ಇಟ್ಕೋಬೇಡಿ, ಅವತ್ತು ಅವ್ವಂದಿರು ಯಾರೂ ಊರಲ್ಲಿರಲ್ಲ.