ಈ ಗಡಿಯಾರ ತಿರುಗಿಸುವವರ ಕಾಟ

ಗೆಳತಿ ಈಗ ನ್ಯೂಜೆರ್ಸಿಯಲ್ಲಿ ಮಗಳ ಮನೆಯಲ್ಲಿದ್ದಾಳೆ, ನಾನು ಮೈಸೂರಲ್ಲೇ. ನಮಗೆ ಭಾನುವಾರ ಬೆಳಗ್ಗೆ 7 ಅಂದರೆ ಅವಳಿಗೆ ಶನಿವಾರ ರಾತ್ರಿ 9.30. ಮೊಮ್ಮಗು ಮಲಗಿರುತ್ತದೆ. ಅವಳ ಮಂಡಿನೋವು, ನನ್ನ ಶುಗರ್, ಎರಡೂ ಮನೆಯ ದೂರು, ಎಲ್ಲಾ ಆರಾಮಾಗಿ ಹೊರಗೆ ಬರುತ್ತವೆ.

ನವೆಂಬರ್ ಮೊದಲ ಭಾನುವಾರ ಬಂತೋ, ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಿಡುತ್ತಾರೆ. ಆಮೇಲೆ ನಮ್ಮ 7ಕ್ಕೆ ಅಲ್ಲಿ 8.30. "ಇರೇ, ಪಾಪು ಇನ್ನೂ ಮಲಗಿಲ್ಲ" ಅಂತ ಪಿಸುಗುಟ್ಟಿ ಫೋನ್ ಇಟ್ಟುಬಿಡುತ್ತಾಳೆ. ಸರಿ, 8ಕ್ಕೆ ಮಾಡೋಣ ಅಂದರೆ ಇಲ್ಲಿ ಕಾವಲಿ ಮುಂದೆ ನಾನು, ತಟ್ಟೆ ಮುಂದೆ ಯಜಮಾನರು. ಡಾಕ್ಟರು ಬಿಪಿ ಮಾತ್ರೆ ಬದಲಾಯಿಸಿದ ಕಥೆಯನ್ನು ಅವಳು ಮುಗಿಸುವಷ್ಟರಲ್ಲಿ ದೋಸೆ ಸೀದು ಹೋಗಿರುತ್ತದೆ. (ಅವರಿಗೂ ಹುಯ್ಯೋಕೆ ಬರುತ್ತದೆ, ಸುಮ್ನೆ ಕೂತಿರುತ್ತಾರೆ.)

ಮಾರ್ಚ್‌ವರೆಗೂ ಇದೇ ಗೋಳು. ನಮ್ಮ ಗಡಿಯಾರ ವರ್ಷವಿಡೀ ತೆಪ್ಪಗಿರುತ್ತದೆ ಅಲ್ವಾ, ಇವರಿಗೇನು ರೋಗ?