ಒಂದು ಪಟ್ಟಿ, ಆರು ಮೆಸೇಜು

ನಮ್ಮ ಸೋದರಮಾವನದು ರಾಯಚೂರು ಎಪಿಎಂಸಿಯಲ್ಲಿ ಹತ್ತಿಯ ದಲಾಲಿ ಅಂಗಡಿ. ನಾನು ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಯೊಂದಕ್ಕೆ ಬ್ಯಾಕೆಂಡ್ ಕೋಡ್ ಬರೆಯುವವನು. ಬ್ಯಾಕೆಂಡ್ ಅಂದರೇನು ಎಂದು ಮನೆಯವರಿಗೆ ತಿಳಿಸಲು ಇವತ್ತಿಗೂ ಆಗಿಲ್ಲ. ಅವ್ವ ಬೀಗರ ಮುಂದೆ "ಕಂಪ್ಯೂಟರ್ ರಿಪೇರಿ" ಎಂದು ಹೇಳಿ ಮುಗಿಸಿದ್ದಾಳೆ.

ಹೋದ ಸುಗ್ಗಿಯಲ್ಲಿ ಮಾವ, "ಅಳಿಯಾ, ಹತ್ತಿ ಎಷ್ಟು ತೂಗಿತು, ರೇಟ್ ಏನು, ರೊಕ್ಕ ಎಷ್ಟು ಅಂತ ರೈತರ ಫೋನಿಗೆ ಮೆಸೇಜ್ ಹೋಗೋಹಂಗ ಮಾಡಿಕೊಡಪಾ" ಅಂದ. ಒಂದು ಪ್ಲೇಟ್ ಮಂಡಾಳ ಒಗ್ಗರಣಿ, ಎರಡು ಮಿರ್ಚಿ ಮುಗಿಯುವುದರೊಳಗೆ ಒಪ್ಪಿಕೊಂಡೆ. ಆಫೀಸಿನಲ್ಲಾದರೆ ಇಷ್ಟಕ್ಕೆ ಎರಡು ವಾರ ಬರೀ ಮೀಟಿಂಗ್ ನಡೆಯುತ್ತಿತ್ತು.

ದಿನಾ ರಾತ್ರಿ ಎಂಟಕ್ಕೆ ಮೆಸೇಜ್ ಹೋಗಲಿ ಎಂದು, ಹೇಳಿದ ಹೊತ್ತಿಗೆ ತಾನೇ ಕೆಲಸ ಶುರುಮಾಡುವ ಕ್ರಾನ್‌ನಲ್ಲಿ 20 ಎಂದು ಬರೆದೆ. ಸರ್ವರ್ ಇದ್ದದ್ದು ಮುಂಬೈಯಲ್ಲಿ, ಅದರ ಗಡಿಯಾರ ಮಾತ್ರ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ. ನಮಗಿಂತ ಐದೂವರೆ ತಾಸು ಹಿಂದೆ. ಅದಕ್ಕೆ ಎಂಟು ಹೊಡೆದಾಗ ರಾಯಚೂರಿನಲ್ಲಿ ನಡುರಾತ್ರಿ ಒಂದೂವರೆ.

ಅದೊಂದೇ ಆಗಿದ್ದರೆ ಬೈಗುಳ ಅರ್ಧಕ್ಕೆ ನಿಲ್ಲುತ್ತಿತ್ತು. ಮೆಸೇಜ್ ಕಳಿಸುವ ಕಂಪನಿಯ ಸರ್ವರ್ ಮೂರು ಸೆಕೆಂಡಿನೊಳಗೆ "ಮುಟ್ಟಿತು" ಎನ್ನದಿದ್ದರೆ ಮತ್ತೆ ಕಳಿಸು, ಹಾಗೆ ಐದು ಸಲ ನೋಡು ಎಂದೂ ಬರೆದಿದ್ದೆ. ಆ ರಾತ್ರಿ ಅದು ಮೆಸೇಜನ್ನು ಸರಿಯಾಗಿಯೇ ಕಳಿಸುತ್ತಿತ್ತು, ಉತ್ತರ ಕೊಡುವುದು ಮಾತ್ರ ನಾಕು ಸೆಕೆಂಡಿಗೆ. ಉತ್ತರ ಬರಲಿಲ್ಲ ಅಂದರೆ ಕೆಲಸವೇ ಆಗಲಿಲ್ಲ ಎಂದು ನನ್ನ ಕೋಡ್ ನಂಬಿತು. ಕರೆದಾಗ ನಾನು ಓಗೊಡದಿದ್ದರೆ ಅವ್ವನೂ ಹೀಗೇ ನಂಬುತ್ತಾಳೆ, ಆ ಮಾತು ಬೇರೆ. ಒಟ್ಟು 143 ರೈತರು, ತಲೆಗೆ ಆರು ಮೆಸೇಜು: "ನಿಮ್ಮ ಹತ್ತಿಯ ಬಾಬ್ತು ರೊಕ್ಕ ಜಮಾ ಆಗಿದೆ."

ಮಲಗಿದ್ದವರು ಎದ್ದರು. ತ್ರೀ ಫೇಸ್ ಬಂತೆಂದು ಹೊಲಕ್ಕೆ ನೀರು ಕಟ್ಟಲು ಹೋದವರು ಎದ್ದೇ ಇದ್ದರು. ಮಾವನಿಗೆ ಮೊದಲು ಫೋನ್ ಹಚ್ಚಿದವರು ಅವರೇ. ಮಾವ ನನಗೆ ಹಚ್ಚಿದ. ಲ್ಯಾಪ್‌ಟಾಪ್ ತೆರೆದೆನೋ ಇಲ್ಲವೋ, ಕರೆಂಟ್ ಹೋಯಿತು. ನಮ್ಮ ಜಿಲ್ಲೆಯ ಶಕ್ತಿನಗರದ ಸ್ಥಾವರದಲ್ಲಿ 1985ರಿಂದ ಕರೆಂಟ್ ಹುಟ್ಟುತ್ತಿದೆ, ಈಗ 1,720 ಮೆಗಾವ್ಯಾಟ್ ಸಾಮರ್ಥ್ಯ. ನಮ್ಮ ಮನೆಯ ಇನ್ವರ್ಟರ್ ಬ್ಯಾಟರಿಗೆ ಆರು ತಿಂಗಳಿಂದ ನೀರು ಹಾಕದವನು ನಾನು. ರೂಟರ್ ಸತ್ತಿತು. ಫೋನಿನ ಹಾಟ್‌ಸ್ಪಾಟ್ ಹಚ್ಚಿದರೆ, ಮಾವನ ಕರೆ ಬಂದಾಗಲೆಲ್ಲ ಇಂಟರ್ನೆಟ್ ಕಡಿಯುತ್ತಿತ್ತು. ಕರೆ ಎತ್ತದಿದ್ದರೆ ಆತನೂ ಮತ್ತೆ ಮತ್ತೆ ಹಚ್ಚುತ್ತಿದ್ದ, ನನ್ನ ಕೋಡಿನ ಹಾಗೇ. ಮುಂಬೈಯ ಸರ್ವರಿಗೆ ಮಾತ್ರ ಕರೆಂಟ್ ಭರ್ಜರಿ ಇತ್ತು. ನಾನು ಒಳಹೊಕ್ಕು ನೋಡುವಷ್ಟರಲ್ಲಿ ಅದು 858 ಮೆಸೇಜು ಮುಗಿಸಿ ತಣ್ಣಗೆ ಕೂತಿತ್ತು.

ಮುಂಜಾನೆ ಅಂಗಡಿಯ ಮುಂದೆ ಜನವೋ ಜನ. "ಆರು ಸಲ ಜಮಾ ಅಂತ ಬಂದೈತ್ರಿ ಸಾವ್ಕಾರ್ರ, ಬ್ಯಾಂಕಿನ್ಯಾಗ ಒಂದ ಸಲದ್ದು ಐತಿ" ಎಂದೊಬ್ಬ ಹಿರಿಯರು ಫೋನ್ ಚಾಚಿದರು.

"ಸಾಲ ಕಟ್ಟು ಅಂತ ಬ್ಯಾಂಕಿನವರು ಆರು ಸಲ ಮೆಸೇಜ್ ಹಾಕಿದ್ರ ಆರು ಪಟ್ಟು ಕಟ್ಟತೀಯೇನು ಯಜಮಾನ?" ಎಂದ ಮಾವ. ಹಿರಿಯರು ನಕ್ಕು, ಹತ್ತಿ ಚೀಲದ ಮೇಲೆ ಕೂತು ಚಹಾ ತರಿಸಿಕೊಂಡರು.

ನಾನು ಮೂಲೆಯಲ್ಲಿ ಲ್ಯಾಪ್‌ಟಾಪ್ ಹಿಡಿದು, ಐಡೆಂಪೊಟೆನ್ಸಿ ಎಂಬುದನ್ನು ಹೇಗೆ ಕೂಡಿಸಲಿ ಎಂದು ಒದ್ದಾಡುತ್ತಿದ್ದೆ. ಅಂದರೆ ಒಂದೇ ಕೋರಿಕೆ ಎಷ್ಟು ಸಲ ಬಂದರೂ ಕೆಲಸ ಒಂದೇ ಸಲ ಆಗಬೇಕು. ಪಕ್ಕದಲ್ಲಿ ಗುಮಾಸ್ತ ಪಟ್ಟಿ, ಅಂದರೆ ಮಾರಾಟದ ಲೆಕ್ಕದ ಬಿಲ್ಲು, ಬರೆಯುತ್ತಿದ್ದರು. ಹಮಾಲನೊಬ್ಬ ಚೀಟಿ ತಂದು ಮುಂದಿಟ್ಟ. ಅವರು ನಂಬರ್ ನೋಡಿ, "ಇದರ ರೊಕ್ಕ ಆಗಲೇ ಒಯ್ದೀಯಲ್ಲೋ" ಎಂದು ತಿರುಗಿ ಕೊಟ್ಟರು, ತಲೆ ಸಹ ಎತ್ತಲಿಲ್ಲ. ನಾನು ಮೆಲ್ಲಗೆ ಪಟ್ಟಿ ನಂಬರನ್ನೇ ಕೀ (ಗುರುತು) ಮಾಡಿ, ಡೇಟಾಬೇಸ್‌ನಲ್ಲಿ ಅದಕ್ಕೆ ಯುನೀಕ್, ಅಂದರೆ ಒಂದೇ ನಂಬರ್ ಎರಡು ಸಲ ಸೇರಕೂಡದು ಎಂಬ ಕಟ್ಟು, ಹಾಕಿದೆ. ಮೆಸೇಜ್ ಕಂಪನಿಗೂ ಅದೇ ನಂಬರ್ ಕಳಿಸಿದೆ. ಕಂಡ ನಂಬರ್ ಮತ್ತೆ ಬಂದರೆ ಬಿಟ್ಟುಬಿಡುವ ಸೌಕರ್ಯ ಅವರಲ್ಲಿ ಮೊದಲಿನಿಂದಲೂ ಇತ್ತಂತೆ. ಕೈಪಿಡಿ ಓದುವವರು ಯಾರು?

ಮರುದಿನ ರಾತ್ರಿ ಸರಿಯಾಗಿ ಎಂಟಕ್ಕೆ ತಲೆಗೊಂದೇ ಮೆಸೇಜು ಹೋಯಿತು. ಎಂಟೂ ಐದಕ್ಕೆ ಮಾವನ ಫೋನ್ ಬಂತು. ಆ ಹಿರಿಯರು ಅಂಗಡಿಯಲ್ಲೇ ಕೂತಿದ್ದರಂತೆ.

"ಇವತ್ತು ಒಂದ ಬಂದೈತಿ, ಉಳಿದ ಐದು ಯಾವಾಗ ಬರ್ತಾವ ಅಂತ ಕೇಳಾಕತ್ಯಾರೋ ಅಳಿಯಾ."