ಇಟಲಿಯ ತಟ್ಟೆ ಸಹಿ ಹಾಕಿದರಷ್ಟೇ ವಯಸ್ಸು ಮಾನ್ಯ

ನಮ್ಮಲ್ಲಿ ಯಾವ ಕಾಗದವೂ ಗೆಜೆಟೆಡ್ ಅಧಿಕಾರಿಯ ಸಹಿ ಬೀಳುವ ತನಕ ನಿಜವಲ್ಲ. ಈ ರೋಗ ತಾಲ್ಲೂಕು ಕಚೇರಿಯದ್ದೇ ಅಂದುಕೊಂಡಿದ್ದರೆ ಪುರಾತತ್ವದ ಕಡೆಗೂ ಒಮ್ಮೆ ಇಣುಕಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಹಳಬರಿಗೆ ಜನ್ಮದಾಖಲೆ ದೃಢೀಕರಿಸಿ ಕೊಟ್ಟದ್ದು ಇಟಲಿಯ ಅರೆಝೊ ಎಂಬ ಊರಿನ ಒಡಕು ತಟ್ಟೆ.

1944ರಲ್ಲಿ ಪುರಾತತ್ವ ಇಲಾಖೆಯ ಮಹಾನಿರ್ದೇಶಕರಾಗಿ ಬಂದ ಮಾರ್ಟಿಮರ್ ವೀಲರ್ ಸಾಹೇಬರು ಮದರಾಸು ಮ್ಯೂಸಿಯಂನ ಬೀರುವಿನಲ್ಲಿ ಕೈಯಾಡಿಸುತ್ತಿದ್ದಾಗ ಒಂದು ಜಾಡಿಯ ಕತ್ತೂ ಉದ್ದನೆಯ ಹಿಡಿಯೂ ಸಿಕ್ಕವು. ರೋಮನ್ನರು ದ್ರಾಕ್ಷಾರಸ ತುಂಬಿ ಕಳಿಸುತ್ತಿದ್ದ ಆಂಫೊರಾ! ಪುದುಚೇರಿ ಪಕ್ಕದ ಅರಿಕಮೇಡುವಿನಿಂದ ಬಂದದ್ದು. ಸಾಹೇಬರು ಪುದುಚೇರಿಗೆ ಹೋಗಿ ನೋಡಿದರೆ ಅಲ್ಲಿನ ಗ್ರಂಥಾಲಯದ ಗಾಜಿನ ಪೆಟ್ಟಿಗೆಯಲ್ಲಿ ಕೆಂಪಗೆ ಮಿರುಗುವ ಅರೆಟೈನ್, ಅಂದರೆ ಅರೆಝೊ ತಟ್ಟೆಯ ಚೂರುಗಳು. ಊರ ಮಕ್ಕಳು ಅರಿಕಮೇಡುವಿನ ದಿಬ್ಬದ ಮಣಿ, ಹರಳುಗಳನ್ನು ಎಂದೋ ಹೆಕ್ಕಿ ಆಡಿಕೊಂಡಿದ್ದರು. ಆದರೆ ಚಡ್ಡಿ ಹಾಕಿದವರು ಹೆಕ್ಕಿದ್ದು ಆಟ, ಹ್ಯಾಟು ಹಾಕಿದವರು ಹೆಕ್ಕಿದ್ದು ಸಂಶೋಧನೆ.

1945ರ ಅಗೆತದಲ್ಲಿ ಕುಂಬಾರರ ಮುದ್ರೆಯೊತ್ತಿದ ತಟ್ಟೆಚೂರುಗಳೂ ಸಿಕ್ಕವು. ತೆಳು ಅಂಚು, ನುಣುಪು ಮೈ, ತಳದ ನಡುವೆ ಪುಟ್ಟ ಚೌಕದೊಳಗೆ ಲ್ಯಾಟಿನ್ ಅಕ್ಷರ. ನೋಡಲು ಚೆಂದವೇ, ಇಲ್ಲವೆನ್ನಲಾರೆ. ಆದರೆ ರೋಮಿನ ಸಿರಿವಂತರು ಉಣ್ಣುತ್ತಿದ್ದದ್ದು ಬೆಳ್ಳಿಯಲ್ಲಿ. ಅಷ್ಟು ತ್ರಾಣವಿಲ್ಲದವರಿಗಾಗಿ ಬೆಳ್ಳಿಯ ಆಕಾರವನ್ನೇ ಮಣ್ಣಿಗಿಳಿಸಿ ರಾಶಿಗಟ್ಟಲೆ ತಯಾರಿಸಿದ ಮಾಲು ಇದು. ಸಮುದ್ರ ದಾಟಿ ಬಂದು ಇಲ್ಲಿ ಒಡೆದದ್ದೇ ತಡ, ಅದಕ್ಕೆ ರಾಜಮರ್ಯಾದೆ.

ಅದೇ ಮಣ್ಣಿನಲ್ಲಿ ಸ್ಥಳೀಯರ ಮಡಕೆಚೂರುಗಳೂ ಇದ್ದವು. ಮದುವೆಗೆ ಬಂದ ಸ್ಟೀಲ್ ಪಾತ್ರೆಗೆ ನಾವು ಹೆಸರು ಹಾಕಿಸುತ್ತೇವಲ್ಲ, ಹಾಗೆ ಕೆಲವು ಚೂರುಗಳ ಮೇಲೆ ತಮಿಳು ಬ್ರಾಹ್ಮಿ ಲಿಪಿಯಲ್ಲಿ ಹೆಸರು ಗೀಚಿತ್ತು. ಮಣಿ ಮಾಡುವ ಕಸುಬಿತ್ತು, ಇಟ್ಟಿಗೆ ಕಟ್ಟಡಗಳಿದ್ದವು. ಏನಿದ್ದರೇನು? 1946ರ ವರದಿಯ ತಲೆಬರಹದಲ್ಲಿ ಊರು ‘ಇಂಡೋ-ರೋಮನ್ ವ್ಯಾಪಾರ ಠಾಣೆ’ ಆಯಿತು. ಊರೆಲ್ಲ ಉಂಡು ಬೆಳೆದ ಮಡಕೆಗಳು ಗೋಣಿಚೀಲಕ್ಕೆ, ಅತಿಥಿ ತಟ್ಟೆಯ ಚೂರು ಫೋಟೊಗೆ.

ತಮಾಷೆ ಇನ್ನೂ ಇದೆ. ಅಲ್ಲಿ ಒಳತಳದಲ್ಲಿ ಉರುಟುರುಟಾಗಿ ಸಣ್ಣ ಗೀರುಸಾಲು ಹೊತ್ತ, ತೆಳ್ಳನೆಯ ಬೂದುಗಪ್ಪು ತಟ್ಟೆಗಳೂ ಸಿಕ್ಕಿದ್ದವು. ರೂಲೆಟೆಡ್ ಎನ್ನುತ್ತಾರೆ. ಇಷ್ಟು ನಾಜೂಕಾಗಿದೆ ಎಂದ ಮೇಲೆ ನಮ್ಮವರು ಮಾಡಿರಲು ಸಾಧ್ಯವೇ? ಇದಕ್ಕೂ ಮೆಡಿಟರೇನಿಯನ್ ಗೋತ್ರ ಹಚ್ಚಿದರು. ಆಮೇಲೆ ಪುರಾತತ್ವಜ್ಞೆ ವಿಮಲಾ ಬೆಗ್ಲಿಯಂಥವರು ತಟ್ಟೆಯ ಆಕಾರವೇ ಇಲ್ಲಿಯದು ಎಂದು ತೋರಿಸಿದರು. 1990ರ ದಶಕದಲ್ಲಿ ಜೇಡಿಮಣ್ಣನ್ನೇ ಪರೀಕ್ಷಿಸಿದಾಗ ಅದು ಬಂಗಾಳದ ಗಂಗಾ ಬಯಲಿನ ಕಡೆಗೆ ಬೆರಳು ತೋರಿಸಿತು. ಫಾರಿನ್ ಅಳಿಯ ಅಂತ ಆರತಿ ಎತ್ತಿದ್ದವರಿಗೆ ಹುಡುಗ ಪಕ್ಕದ ಬೀದಿಯವನು ಎಂದು ಗೊತ್ತಾದಾಗ ಆಗುವ ಮುಖಭಂಗ!

ಅಷ್ಟರಲ್ಲಿ ನಮ್ಮ ಬ್ರಹ್ಮಗಿರಿಯ ಕೆಲಸ ಆಗಿಹೋಗಿತ್ತು. 1947ರಲ್ಲಿ ವೀಲರ್ ಅಲ್ಲಿ ಅಗೆದರು. ಅಶೋಕನ ಶಾಸನ ಅಲ್ಲೇ ಬಂಡೆಯ ಮೇಲಿತ್ತು, ಸಾಕ್ಷಾತ್ ಚಕ್ರವರ್ತಿಯ ಮಾತು. ಆದರೆ ಬಂಡೆ ಮಣ್ಣಿನ ಪದರದೊಳಗೆ ಹೂತಿರಲಿಲ್ಲ. ಅರ್ಜಿ ನಿಯಮಾನುಸಾರ ತಿರಸ್ಕೃತ. ಪದರದಲ್ಲಿ ರೂಲೆಟೆಡ್ ಚೂರು ಸಿಕ್ಕಿತು. ಅದರ ಕಾಲ ಅರಿಕಮೇಡುವಿನಿಂದ, ಅರಿಕಮೇಡುವಿನ ಕಾಲ, ತಯಾರಾದ ಕಾಲ ಗೊತ್ತಿದ್ದ ಅರೆಝೊ ತಟ್ಟೆಯಿಂದ. ಆ ಗೂಟಕ್ಕೆ ಹಗ್ಗ ಕಟ್ಟಿ ಕೆಳಗಿನ ಪದರಗಳಿಗೆ ಅಂದಾಜಿನಲ್ಲಿ ಇಳಿದರು. ಕಲ್ಲುಕೊಡಲಿಯ ಜನ ಬಂದದ್ದು ಕ್ರಿಸ್ತಪೂರ್ವ ಮೊದಲ ಸಹಸ್ರಮಾನದ ಆರಂಭದಲ್ಲಿ ಎಂದು ಬರೆದರು. ಮುಂದೆ ವಯಸ್ಸು ಅಳೆಯುವ ಇಂಗಾಲದ ಪರೀಕ್ಷೆ ಬಂದು ಅವರ ಕಾಲವಾದ ದಕ್ಷಿಣದ ನವಶಿಲಾಯುಗವನ್ನು ಕ್ರಿಸ್ತಪೂರ್ವ ಮೂರನೇ ಸಹಸ್ರಮಾನಕ್ಕೆ ಒಯ್ದಿತು. ಸಾವಿರಕ್ಕೂ ಹೆಚ್ಚು ವರ್ಷ ಸರ್ವೀಸಿನಿಂದಲೇ ಕಡಿತ! ನಿವೃತ್ತಿವೇತನದ ಬಾಕಿ ಕೇಳೋಣವೆಂದರೆ ಅರ್ಜಿದಾರರು ಆ ಕಾಲದವರೇ ಬಿಟ್ಟುಹೋದ ಬೂದಿದಿಬ್ಬಗಳಲ್ಲಿದ್ದಾರೆ.

ಇದರಿಂದ ನಾವು ಕಲಿತೆವೇ? ಎಲ್ಲಿ ಗುದ್ದಲಿ ಬಿದ್ದರೂ ಮಾರನೆಯ ದಿನ ‘ರೋಮನ್ ನಂಟು’ ಎಂಬ ತಲೆಬರಹ ಬೇಕೇ ಬೇಕು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮಿನ ಟಿಬೇರಿಯಸ್ ಚಕ್ರವರ್ತಿಯ ನಾಣ್ಯ ಸಿಕ್ಕಿದೆ ಎಂದರೆ ಕಿವಿ ನೆಟ್ಟಗಾಗುತ್ತದೆ. ಅಲ್ಲೇ ಶಾತವಾಹನರ ನಾಣ್ಯಗಳೂ ಸಿಕ್ಕಿವೆ ಎಂದರೆ ಆಕಳಿಕೆ. ಅರಿಕಮೇಡುವಿನಲ್ಲಿ ಇಂದು ಕಣ್ಣಿಗೆ ಬೀಳುವ ಪಾಳುಗೋಡೆ 18ನೇ ಶತಮಾನದ ಫ್ರೆಂಚ್ ಪಾದ್ರಿಗಳದ್ದು. ಸೆಲ್ಫಿಗೆ ಅದೇ ರೋಮ್, ಕೇಳುವವರ್ಯಾರು?

ಇನ್ನು ಹೊರಗಿನ ಚೂರು ಸಿಕ್ಕ ಊರು ಹೊರಗಿನವರ ಠಾಣೆ ಎಂಬ ಇದೇ ಕಾನೂನನ್ನು ಆಚೆ ಕಡೆಯಿಂದ ಅನ್ವಯಿಸಿ. ಈಜಿಪ್ಟಿನ ಕೆಂಪು ಸಮುದ್ರದ ದಂಡೆಯ ಬೆರೆನಿಕೆ ಬಂದರಿನಲ್ಲಿ ನಮ್ಮ ರೂಲೆಟೆಡ್ ತಟ್ಟೆಯ ಚೂರುಗಳು ಸಿಕ್ಕಿವೆ. ಅಲ್ಲಿನ ದೇವಾಲಯದ ಬಳಿ ಭಾರತದ ಹರವಿಯೊಂದರಲ್ಲಿ ಸುಮಾರು 7.5 ಕಿಲೋ ಕಾಳುಮೆಣಸೂ ಇತ್ತು. ಆದರೂ ಬೆರೆನಿಕೆಯನ್ನು ಭಾರತೀಯ ಠಾಣೆ ಎಂದು ಯಾರೂ ಕರೆದಿಲ್ಲ. ಈ ಸುದ್ದಿ ನಮ್ಮ ಜನಪ್ರತಿನಿಧಿಗಳ ಕಿವಿಗೆ ಬೀಳದಿದ್ದರೆ ಕ್ಷೇಮ. ಕೆಂಪು ಸಮುದ್ರದ ದಡದಲ್ಲಿ ನಾಮಫಲಕ ಅನಾವರಣ ಮಾಡಲು ಅಧ್ಯಯನ ಪ್ರವಾಸ ಹೊರಟುಬಿಟ್ಟಾರು, ಕುಟುಂಬ ಸಮೇತ.